ಆಕ್ರಮಿತ ನೆಲದ ಸರಕು: ಕ್ರಿಮಿಯಾಕ್ಕೆ ಒಂದು ನಿಯಮ, ಪಶ್ಚಿಮ ದಂಡೆಗೆ ಇನ್ನೊಂದಾ?

ಹೇಮಾವತಿ_ಹೊಳೆ (ಐಂಡ್‌ಹೋವನ್)

ಸ್ನೇಹಿತರೇ, ಸ್ವಲ್ಪ ಉದ್ದವಾಗುತ್ತೆ, ಓದಿ ನಿಮ್ಮ ಅಭಿಪ್ರಾಯ ಹೇಳಿ.

2025ರ ಆಗಸ್ಟ್ 22ಕ್ಕೆ ನಾನಿರುವ ನೆದರ್ಲೆಂಡ್ಸ್‌ನ ವಿದೇಶಾಂಗ ಸಚಿವ ಕಾಸ್ಪರ್ ವೆಲ್ಡ್‌ಕಾಂಪ್ ರಾಜೀನಾಮೆ ಕೊಟ್ಟರು. ಇಸ್ರೇಲ್ ಮೇಲೆ ಇನ್ನಷ್ಟು ಕ್ರಮ ಬೇಕು ಅಂತ ಸಂಪುಟದಲ್ಲಿ ಪಟ್ಟು ಹಿಡಿದರು, ಒಪ್ಪಿಗೆ ಸಿಗಲಿಲ್ಲ, ಹೊರಬಂದರು. ಅವರ ಪಕ್ಷದ ಉಳಿದ ಮಂತ್ರಿಗಳೂ ಬೆನ್ನಿಗೇ ಹೊರಬಂದರು. ವೆಲ್ಡ್‌ಕಾಂಪ್ ಹಿಂದೆ ಇಸ್ರೇಲ್‌ನಲ್ಲೇ ಡಚ್ ರಾಯಭಾರಿಯಾಗಿದ್ದವರು, ಆ ದೇಶದ ವಿರೋಧಿ ಅಂತ ಯಾರೂ ಹೇಳುವ ಹಾಗಿಲ್ಲ. ಇಸ್ರೇಲಿ ಸರಕಿಗೆ ಸುಂಕದ ರಿಯಾಯಿತಿ ಕೊಡುವ ಒಪ್ಪಂದವನ್ನು ಯುರೋಪ್ ಒಕ್ಕೂಟ ಮರುಪರಿಶೀಲಿಸಬೇಕು ಅಂತ ಅದೇ ವರ್ಷದ ಮೇ ತಿಂಗಳಲ್ಲಿ ಪತ್ರ ಬರೆದವರೂ ಅವರೇ. 27 ದೇಶಗಳಲ್ಲಿ 17 ದೇಶ ಬೆಂಬಲಿಸಿದವು. ಒಪ್ಪಂದದ 2ನೇ ವಿಧಿ ಮಾನವ ಹಕ್ಕುಗಳ ಗೌರವವನ್ನು ಒಪ್ಪಂದದ ಬುನಾದಿ ಅನ್ನುತ್ತೆ. ಅದರ ಉಲ್ಲಂಘನೆ ಆಗಿರುವ ಸೂಚನೆ ಇದೆ ಅಂತ ಜೂನ್‌ನಲ್ಲಿ ಪರಿಶೀಲನಾ ವರದಿಯೂ ಬಂತು. ಆಮೇಲೆ ಒಕ್ಕೂಟ ಅಲ್ಲೇ ನಿಂತುಬಿಟ್ಟಿತು.

ನನ್ನ ತಕರಾರು ಇಷ್ಟು. 2014ರ ಮಾರ್ಚ್‌ನಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿತು. ಉಕ್ರೇನ್ ಕೊಟ್ಟ ಮೂಲ ಪ್ರಮಾಣಪತ್ರ ಇಲ್ಲದ ಕ್ರಿಮಿಯಾದ ಸರಕು ಒಳಗೆ ಬರಕೂಡದು ಅಂತ ಒಕ್ಕೂಟ ಜೂನ್ 23ಕ್ಕೇ ತೀರ್ಮಾನ ಮಾಡಿತ್ತು. 2022ರ ಫೆಬ್ರವರಿಯಲ್ಲಿ ಡೊನೆಟ್ಸ್ಕ್, ಲುಹಾನ್ಸ್ಕ್ ವಿಷಯದಲ್ಲಿ ಕೆಲವೇ ದಿನ ಸಾಕಾಯಿತು. ಪ್ಯಾಲೆಸ್ಟೀನಿಯರ ನೆಲವಾದ ಪಶ್ಚಿಮ ದಂಡೆ 1967ರಿಂದ ಇಸ್ರೇಲ್‌ನ ಆಕ್ರಮಣದಲ್ಲಿದೆ. ಇಸ್ರೇಲ್ ತನ್ನ ಜನರಿಗೆ ಅಲ್ಲಿ ಕಟ್ಟಿದ ಊರುಗಳು, ಅಂದರೆ ವಸಾಹತುಗಳು, ಅಕ್ರಮ ಅಂತ ಒಕ್ಕೂಟವೇ ವರ್ಷವರ್ಷವೂ ಹೇಳಿಕೆ ಕೊಡುತ್ತೆ. ಆದರೂ ಅಲ್ಲಿನ ಖರ್ಜೂರ, ವೈನ್ ಎಲ್ಲ ಬರುತ್ತವೆ, ಸುಂಕದ ರಿಯಾಯಿತಿ ಮಾತ್ರ ಇಲ್ಲ. ಸುಂಕ ಕಟ್ಟಿದರೆ ಅಕ್ರಮ ಸರಕಿಗೂ ಬಾಗಿಲು ತೆರೆದಿರುತ್ತೆ ಅಂದ ಹಾಗಾಯಿತು.

ಇಲ್ಲಿ ರಂಜಾನ್ ಬಂದರೆ ಅಂಗಡಿಗಳಲ್ಲಿ ಮೆಡ್ಜೂಲ್ ಖರ್ಜೂರದ ಡಬ್ಬಗಳು ರಾಶಿ ಬೀಳುತ್ತವೆ. ನಮ್ಮ ಬೀದಿಯ ಮೊರೊಕ್ಕೊ, ಟರ್ಕಿ ಮೂಲದ ಹೆಂಗಸರು ಡಬ್ಬ ತಿರುಗಿಸಿ, ತಳದ ಸಣ್ಣ ಅಕ್ಷರ ಓದದೆ ಬುಟ್ಟಿಗೆ ಹಾಕುವುದಿಲ್ಲ. ‘ಪಶ್ಚಿಮ ದಂಡೆ’ ಅಂತ ಬರೆದರೆ ಸಾಲದು, ಇಸ್ರೇಲಿ ವಸಾಹತಿನದ್ದು ಅಂತಲೂ ನಮೂದಿಸಬೇಕು ಅಂತ 2019ರ ನವೆಂಬರ್ 12ಕ್ಕೆ ಲಕ್ಸೆಂಬರ್ಗ್‌ನ ಯುರೋಪ್ ನ್ಯಾಯಾಲಯ ಹೇಳಿದೆ, ಪ್ಸಗೋಟ್ ಅನ್ನುವ ವೈನರಿಯ ಪ್ರಕರಣದಲ್ಲಿ. ನಾನು ನೋಡಿದ ಡಬ್ಬಗಳಲ್ಲಿ ಅಂಥ ನಮೂದು ಒಂದರಲ್ಲೂ ಕಂಡಿಲ್ಲ.

ಕಡಲಕರೆ (ಮಂಗಳೂರು)

ನಿಮ್ಮ ಸಿಟ್ಟು ಅರ್ಥ ಆಗ್ತದೆ. ಆದರೆ ನನ್ನ ಚಿಕ್ಕಮ್ಮ ಹೈಫಾದಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿ ಇದ್ದಾರೆ. ನಮ್ಮ ಕರಾವಳಿಯಿಂದ ಹಾಗೆ ಹೋದವರು ಎಷ್ಟೋ ಜನ ಉಂಟು. ಇಲ್ಲಿ ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು ಎಲ್ಲ ಆ ದುಡ್ಡಲ್ಲಿ. ವ್ಯಾಪಾರ ನಿಲ್ಲಿಸಿ, ನಿರ್ಬಂಧ ಹಾಕಿ ಅಂತ ಕೇಳುವಾಗ ನಮಗೆ ಮೊದಲು ನೆನಪಾಗುವುದು ಅವರ ಮುಖ.

ಇನ್ನೊಂದು ವಿಷಯ. ಸೋಡಾಸ್ಟ್ರೀಮ್ ಅಂತ ಒಂದು ಕಂಪನಿ ಪಶ್ಚಿಮ ದಂಡೆಯ ಮಿಶೋರ್ ಅದುಮಿಮ್‌ನಲ್ಲಿ ಕಾರ್ಖಾನೆ ಇಟ್ಟಿತ್ತು. ಬಹಿಷ್ಕಾರದ ಗಲಾಟೆ ಜೋರಾಗಿದ್ದ ಹೊತ್ತಿನಲ್ಲಿ, 2015ಕ್ಕೆ, ನೆಗೆವ್ ಕಡೆಗೆ ಹೋಯಿತು. ಅಲ್ಲಿ ಸುಮಾರು ಐನೂರು ಪ್ಯಾಲೆಸ್ಟೀನಿಯರು ದುಡಿಯುತ್ತಾ ಇದ್ದರು, ಹೆಚ್ಚಿನವರ ಕೆಲಸ ಹೋಯಿತು. ಅವರ ಹೊಟ್ಟೆಯ ಲೆಕ್ಕ ಯಾರು ಇಡುವುದು ಮಾರಾಯ್ರೆ?

ಕಾನೂನು_ಕಟ್ಟಿ (ಧಾರವಾಡ)

ಕಡಲಕರೆ ಅಕ್ಕಾರ, ಮೊದಲ ಎರಡು ಬ್ಯಾರೆ ಬ್ಯಾರೆ ಮಾಡ್ಕೊಳ್ಳೋಣ್ರಿ. ಹೈಫಾ ಇಸ್ರೇಲ್‌ನೊಳಗಿನ ಊರು, ಅದರ ಮ್ಯಾಲೆ ಯಾರದೂ ತಕರಾರಿಲ್ಲ. ಒಕ್ಕೂಟದೊಳಗ ಸ್ಲೊವೇನಿಯಾ, ಸ್ಪೇನ್ ತಾವಾಗೇ ಬ್ಯಾನ್ ಮಾಡಿದ್ದು 1967ರ ಯುದ್ಧಕ್ಕ ಮೊದಲಿನ ಗಡಿ ಗೆರಿ ದಾಟಿ ಕಟ್ಟಿದ ವಸಾಹತುಗಳ ಸರಕನ್ನ. ನಿಮ್ಮ ಚಿಕ್ಕಮ್ಮನ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ರಿ.

ಈಗ ಕಾನೂನು ಏನ್ ಹೇಳ್ತೈತಿ ನೋಡ್ರಿ. ಆಕ್ರಮಿಸಿದ ದೇಶ ತನ್ನ ಜನರನ್ನ ಆ ನೆಲಕ್ಕ ತಂದು ಕೂಡಿಸಬಾರದು ಅಂತ ನಾಲ್ಕನೇ ಜಿನೀವಾ ಒಡಂಬಡಿಕಿಯ 49ನೇ ವಿಧಿ ಹೇಳ್ತೈತಿ. ಇವತ್ತ ಪೂರ್ವ ಜೆರುಸಲೇಮ್ ಕೂಡಿಸಿ ಸುಮಾರು ಏಳು ಲಕ್ಷ ಮಂದಿ ವಸಾಹತುಗಾರರು ಅಲ್ಲಿ ಅದಾರ. 2024ರ ಜುಲೈ 19ಕ್ಕ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಸಲಹಾ ಅಭಿಪ್ರಾಯ ಕೊಟ್ಟು, ಇಸ್ರೇಲ್ ಅಲ್ಲಿ ಇರೋದ ಕಾನೂನುಬಾಹಿರ ಅಂದೈತಿ. ಅಷ್ಟಕ್ಕ ಬಿಡಲಿಲ್ಲ. ಈ ಅಕ್ರಮ ಸ್ಥಿತಿ ಮುಂದುವರಿಯಾಕ ನೆರವಾಗೋ ವ್ಯಾಪಾರ, ಹೂಡಿಕಿ ತಡಿಯೋದು ಉಳಿದ ದೇಶಗಳ ಹೊಣಿ ಅಂತನೂ ಹೇಳೈತಿ. ಸಲಹಾ ಅಭಿಪ್ರಾಯ ತೀರ್ಪಿನಂಗ ಕಟ್ಟಿಹಾಕೂದಿಲ್ಲ ಖರೇ, ಆದ್ರ ಅದು ಇದ್ದ ಕಾನೂನು ಏನಂತ ಹೇಳ್ತೈತಿ. ಆ ಕಾನೂನು ಎಲ್ಲಾ ದೇಶಗಳನ್ನೂ ಕಟ್ಟಿಹಾಕ್ತೈತಿ.

ಅದೇ ಸೆಪ್ಟೆಂಬರ್ 18ಕ್ಕ ವಿಶ್ವಸಂಸ್ಥೆಯ ಮಹಾಸಭೆ ಒಳಗ ನಿರ್ಣಯ ಬಂತು. ಪರ 124, ವಿರುದ್ಧ 14, ಮತ ಹಾಕದವರು 43. ಒಕ್ಕೂಟದ ದೇಶಗಳು ಮೂರೂ ಕಡೆ ಹಂಚಿಹೋದವು. ಸ್ಪೇನ್, ಐರ್ಲೆಂಡ್ ಪರ, ಹಂಗೇರಿ, ಝೆಕ್ ವಿರುದ್ಧ, ಜರ್ಮನಿ ತಟಸ್ಥ. ನಮ್ಮ ಭಾರತನೂ ತಟಸ್ಥ ಉಳೀತು.

ಬರ್ಲಿನ್_ಬಸವನಗುಡಿ

ಜರ್ಮನಿಯನ್ನು ಬೈಯುವ ಮುಂಚೆ ಇಲ್ಲಿನ ಮನಸ್ಸು ಅರ್ಥ ಮಾಡಿಕೊಳ್ಳಿ. ಇಸ್ರೇಲ್‌ನ ಭದ್ರತೆ ಜರ್ಮನ್ ರಾಷ್ಟ್ರದ ಅಸ್ತಿತ್ವದ ಭಾಗ ಅಂತ 2008ರಲ್ಲಿ ಆಗಿನ ಚಾನ್ಸಲರ್ ಮರ್ಕೆಲ್ ಇಸ್ರೇಲ್ ಸಂಸತ್ತಿನಲ್ಲೇ ನಿಂತು ಹೇಳಿದ್ದರು. ಅರವತ್ತು ಲಕ್ಷ ಯಹೂದಿಗಳ ಹತ್ಯೆಯ ಹೊಣೆ ಹೊತ್ತ ದೇಶ ಇದು. 1933ರ ಏಪ್ರಿಲ್‌ನಲ್ಲಿ ನಾಜಿಗಳು ಇದೇ ಬೀದಿಗಳಲ್ಲಿ ಯಹೂದಿ ಅಂಗಡಿಗಳ ಮುಂದೆ ನಿಂತು ‘ಇಲ್ಲಿ ಕೊಳ್ಳಬೇಡಿ’ ಅಂತ ಬೋರ್ಡು ಹಿಡಿದಿದ್ದರು. ಬಹಿಷ್ಕಾರ ಅಂದ ಕೂಡಲೇ ಇಲ್ಲಿನ ಹಿರಿಯರಿಗೆ ಕಣ್ಣ ಮುಂದೆ ಬರುವುದು ಆ ಚಿತ್ರ. ಅದನ್ನು ನೆಪ ಅಂತ ತಳ್ಳಿಹಾಕಬೇಡಿ.

ಹಾಗಂತ ಜರ್ಮನಿ ಅಲ್ಲಾಡಲೇ ಇಲ್ಲ ಅಂತಲೂ ಅಲ್ಲ. ಗಾಜಾದಲ್ಲಿ ಬಳಸಬಹುದಾದ ಆಯುಧಗಳ ರಫ್ತಿಗೆ 2025ರ ಆಗಸ್ಟ್ 8ರಂದು ಚಾನ್ಸಲರ್ ಮೆರ್ಟ್ಸ್ ತಡೆ ಹಾಕಿದರು. ಕದನವಿರಾಮ ಆದ ಮೇಲೆ, ನವೆಂಬರ್‌ನಲ್ಲಿ ತೆಗೆದರು. ಆದರೆ ಇಸ್ರೇಲ್‌ಗೆ ಒಕ್ಕೂಟ ಕೊಟ್ಟ ವ್ಯಾಪಾರ ರಿಯಾಯಿತಿ ರದ್ದು ಮಾಡುವ ಪ್ರಸ್ತಾವಕ್ಕೆ ಕೈ ಎತ್ತಲಿಲ್ಲ. ಇಸ್ರೇಲ್ ಜೊತೆ ಮಾತಾಡುವ ದಾರಿ ಉಳಿಯಬೇಕು ಅನ್ನುವುದು ಇವರ ವಾದ.

ಹೇಮಾವತಿ_ಹೊಳೆ

ಬಸವನಗುಡಿಯವರೇ, 1933ರ ನೆನಪು ನೋವಿನದ್ದು, ಅದನ್ನು ಹಗುರ ಮಾಡುವವಳಲ್ಲ ನಾನು. ಆದರೆ ಆವತ್ತು ಅಂಗಡಿಯವನು ಯಹೂದಿ ಅನ್ನುವುದೇ ಅಪರಾಧವಾಗಿತ್ತು. ಇವತ್ತು ಕೇಳುತ್ತಿರುವುದು ಈ ಸರಕು ಯಾರ ನೆಲದಲ್ಲಿ ಬೆಳೆಯಿತು ಅಂತ. ಟೆಲ್ ಅವೀವ್‌ನ ಕಂಪನಿ ಇಸ್ರೇಲ್ ಒಳಗೆ ತಯಾರಿಸಿದ ವಸ್ತುವನ್ನು ಈ ಕಾಯ್ದೆಗಳು ಮುಟ್ಟುವುದಿಲ್ಲ. ಈ ವ್ಯತ್ಯಾಸವನ್ನು ಜರ್ಮನಿಯ ಸುಂಕದ ಇಲಾಖೆಯೇ ಎಂದೋ ಒಪ್ಪಿಕೊಂಡಿದೆ. ಕಡಲಕರೆಯವರು ಹೇಳಿದ ಅದೇ ಮಿಶೋರ್ ಅದುಮಿಮ್‌ನ ಸೋಡಾ ಯಂತ್ರಗಳಿಗೆ ರಿಯಾಯಿತಿ ಕೊಡಲು ಹ್ಯಾಂಬರ್ಗ್‌ನ ಅಧಿಕಾರಿಗಳು ನಿರಾಕರಿಸಿದ್ದರು. 2010ರ ಫೆಬ್ರವರಿ 25ರ ಬ್ರಿಟಾ ತೀರ್ಪಿನಲ್ಲಿ ಯುರೋಪ್ ನ್ಯಾಯಾಲಯ ಎತ್ತಿಹಿಡಿದದ್ದು ಅವರ ನಿಲುವನ್ನೇ.

ಮಾತಾಡುವ ದಾರಿಯ ಬಗ್ಗೆ: 2025ರ ಆಗಸ್ಟ್ 20ಕ್ಕೆ ಪಶ್ಚಿಮ ದಂಡೆಯ ಮಾಲೆ ಅದುಮಿಮ್ ವಸಾಹತಿನ ಪಕ್ಕದ ಇ-1 ಜಾಗದಲ್ಲಿ ಸುಮಾರು 3,400 ಮನೆಗಳ ಯೋಜನೆಗೆ ಇಸ್ರೇಲ್ ಒಪ್ಪಿಗೆ ಕೊಟ್ಟಿತು. ಅದು ಪೂರ್ತಿಯಾದರೆ ಪೂರ್ವ ಜೆರುಸಲೇಮ್ ಪಶ್ಚಿಮ ದಂಡೆಯಿಂದ ಕತ್ತರಿಸಿದ ಹಾಗೆ. ಪ್ಯಾಲೆಸ್ಟೀನ್ ದೇಶದ ಕಲ್ಪನೆಯನ್ನೇ ಇದು ಹೂಳುತ್ತದೆ ಅಂತ ಹಣಕಾಸು ಸಚಿವ ಸ್ಮೊಟ್ರಿಚ್ ಬಹಿರಂಗವಾಗಿ ಹೇಳಿದರು. ದಾರಿ ತೆರೆದಿಟ್ಟು ಕಾಯುತ್ತಿರುವವರಿಗೆ ಆ ಕಡೆಯಿಂದ ಸಿಕ್ಕ ಉತ್ತರ ಇದು.

ಮಿಡಿಸೌತೆ_ಡಾಕ್ಯುಮೆಂಟ್ಸ್ (ತುಮಕೂರು)

ನಾನು ಗರ್ಕಿನ್ ರಫ್ತು ಮಾಡುವ ಕಡೆ ಕಾಗದಪತ್ರ ನೋಡಿಕೊಳ್ಳುವವನು. ರಾಜಕೀಯ ನಿಮಗೆ ಬಿಟ್ಟೆ, ಮೂಲ ಅನ್ನೋದು ಕಾಗದದ ಮೇಲೆ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ.

ನಮ್ಮ ಮಿಡಿಸೌತೆ ಡ್ರಮ್ಮುಗಳಲ್ಲಿ ಯುರೋಪಿಗೆ ಹೋಗುತ್ತೆ. ರಿಯಾಯಿತಿ ಸುಂಕ ಬೇಕು ಅಂದ್ರೆ ಇನ್‌ವಾಯ್ಸ್ ಮೇಲೆ ಮೂಲ ಘೋಷಣೆ ಬರೀಬೇಕು, 6,000 ಯೂರೋ ದಾಟಿದ ಸರಕಾದರೆ ರಿಜಿಸ್ಟರ್ಡ್ ರಫ್ತುದಾರನ ನಂಬರೂ ಹಾಕಬೇಕು. ಅಲ್ಲಿನ ಕಸ್ಟಮ್ಸ್‌ಗೆ ಅನುಮಾನ ಬಂದ್ರೆ ವಾಪಸ್ ಇಲ್ಲಿಗೆ ಪ್ರಶ್ನೆ ಬರುತ್ತೆ. ಆಗ ಬ್ಯಾಚ್ ನಂಬರ್ ಹಿಡಿದು ಯಾವ ರೈತ, ಯಾವ ಸರ್ವೆ ನಂಬರ್ ಅನ್ನೋವರೆಗೂ ತೋರಿಸ್ತೀವಿ.

ಇಸ್ರೇಲ್ ವಿಷಯದಲ್ಲಿ ಇದಕ್ಕೇ ಪಿನ್‌ಕೋಡ್ ವ್ಯವಸ್ಥೆ ಇದೆ. 2005ರಿಂದ ಇಸ್ರೇಲಿ ರಫ್ತುದಾರ ಸರಕು ತಯಾರಾದ ಊರಿನ ಹೆಸರು, ಪಿನ್‌ಕೋಡ್ ಎರಡನ್ನೂ ಮೂಲ ಪತ್ರದಲ್ಲಿ ಬರೀಬೇಕು. ಯುರೋಪ್ ಆಯೋಗ, ಅಂದ್ರೆ ಒಕ್ಕೂಟದ ಕಾರ್ಯಾಂಗ, ರಿಯಾಯಿತಿ ಇಲ್ಲದ ಊರುಗಳ ಪಟ್ಟಿ ಇಟ್ಟಿದೆ. ಕಸ್ಟಮ್ಸ್‌ನವರು ತಾಳೆ ನೋಡ್ತಾರೆ, ಪಟ್ಟಿಯಲ್ಲಿದ್ದರೆ ಪೂರ್ತಿ ಸುಂಕ. ಅಂದ್ರೆ ಗುರುತಿಸೋ ಯಂತ್ರ ಇಪ್ಪತ್ತು ವರ್ಷದಿಂದ ಓಡ್ತಾನೇ ಇದೆ. ‘ಯಾವ ಸರಕು ಎಲ್ಲಿಯದು ಅಂತ ಹೇಗೆ ಪತ್ತೆ ಮಾಡೋದು’ ಅಂತ ಕೈ ಚೆಲ್ಲೋರ ಮಾತನ್ನ ನಾನು ಒಪ್ಪಲ್ಲ.

ತೊಡಕು ಬೇರೆ ಕಡೆ ಇದೆ. ರಿಯಾಯಿತಿಯೇ ಬೇಡ, ಸುಂಕ ಕಟ್ತೀನಿ ಅನ್ನೋನು ಈ ಮೂಲ ಪತ್ರ ಕೊಡಬೇಕಾಗಿಲ್ಲ. ಬ್ಯಾನ್ ಬಂದ ಮೇಲೆ ಅದನ್ನ ಎಲ್ಲರಿಗೂ ಕಡ್ಡಾಯ ಮಾಡಬೇಕಾಗುತ್ತೆ. ಆಮೇಲೆ ಪಶ್ಚಿಮ ದಂಡೆಯ ಜೋರ್ಡಾನ್ ಕಣಿವೆಯ ಖರ್ಜೂರವನ್ನ ಇಸ್ರೇಲ್ ಗಡಿಯೊಳಗಿನ ಪ್ಯಾಕಿಂಗ್ ಶೆಡ್‌ಗೆ ತಂದು ಅಲ್ಲಿನ ಖರ್ಜೂರದ ಜೊತೆ ಬೆರೆಸಿಬಿಟ್ಟರೆ ಪಿನ್‌ಕೋಡ್ ಶೆಡ್‌ದು ಬರುತ್ತೆ. ಹಣ್ಣಿನ ಮೂಲ ಅಂದ್ರೆ ಮರ ಇರೋ ಜಾಗ, ನಿಯಮ ಅದೇ. ಆದರೆ ತೋಟದವರೆಗೂ ಹೋಗಿ ಪರಿಶೀಲಿಸೋ ಅಧಿಕಾರ ಯುರೋಪಿನ ಅಧಿಕಾರಿಗೆ ಅಲ್ಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಯುರೋಪ್ ಒಕ್ಕೂಟ ಒಂದೇ ಮಾರುಕಟ್ಟೆ. ಒಂದು ದೇಶದಲ್ಲಿ ಕಸ್ಟಮ್ಸ್ ಬಿಡುಗಡೆ ಆದ ಸರಕು ಉಳಿದ 26ರಲ್ಲೂ ಯಾರ ಅಪ್ಪಣೆಯೂ ಇಲ್ಲದೆ ಓಡಾಡುತ್ತೆ. 2025ರ ಆಗಸ್ಟ್ 6ಕ್ಕೆ ಸ್ಲೊವೇನಿಯಾ ಮೊದಲು ಬ್ಯಾನ್ ಹಾಕಿತು, ಸರಿ. ಇಟಲಿಯಲ್ಲಿ ಬಿಡುಗಡೆಯಾದ ಸರಕು ಲಾರಿ ಹತ್ತಿ ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾಕ್ಕೆ ಬಂದರೆ ಗಡಿಯಲ್ಲಿ ತಡೆಯೋಕೆ ಒಬ್ಬ ಕಸ್ಟಮ್ಸ್‌ನವನೂ ಇಲ್ಲ. ಒಡ್ಡಿನ ಒಂದು ಕಡೆ ಮಣ್ಣು ಹಾಕಿ ಇನ್ನೊಂದು ಕಡೆ ತೂಬು ತೆಗೆದಿಟ್ಟ ಹಾಗೆ.

ಡಬ್ಲಿನ್_ಮಳೆ

ಇದೇ ಪ್ರಶ್ನೆ ಐರ್ಲೆಂಡ್‌ನಲ್ಲಿ ಏಳೆಂಟು ವರ್ಷದಿಂದ ನಡೀತಿದೆ. 2018ರಲ್ಲಿ ಸೆನೆಟರ್ ಫ್ರಾನ್ಸಿಸ್ ಬ್ಲ್ಯಾಕ್ ಆಕ್ರಮಿತ ಪ್ರದೇಶಗಳ ಮಸೂದೆ ತಂದಾಗ, ವ್ಯಾಪಾರ ನೀತಿ ಒಕ್ಕೂಟದ ಅಧಿಕಾರ, ಒಂದು ದೇಶ ಒಬ್ಬಂಟಿಯಾಗಿ ಮಾಡುವ ಹಾಗಿಲ್ಲ ಅಂತ ಸರ್ಕಾರ ತಡೆದಿತ್ತು. ಹೇಗ್‌ನ ಅಭಿಪ್ರಾಯ ಬಂದ ಮೇಲೆ ಮಾತು ಬದಲಾಯಿತು. ಒಕ್ಕೂಟದ ಆಮದು ನಿಯಮಾವಳಿಯಲ್ಲೇ ಸಾರ್ವಜನಿಕ ನೀತಿ, ಸಾರ್ವಜನಿಕ ನೈತಿಕತೆಯ ಕಾರಣಕ್ಕೆ ಒಂದು ದೇಶ ನಿಷೇಧ ಹಾಕಬಹುದು ಅನ್ನುವ ವಿಧಿ ಇದೆ. ಅದನ್ನು ಹಿಡಿದು 2025ರ ಜೂನ್‌ನಲ್ಲಿ ಸರ್ಕಾರವೇ ಹೊಸ ಕರಡು ತಂದಿತು.

ಆ ಕರಡಿನಲ್ಲಿ ಇರುವುದು ಸರಕು ಮಾತ್ರ, ಸೇವೆ ಇಲ್ಲ. ಐರ್ಲೆಂಡ್‌ಗೆ ವಸಾಹತುಗಳಿಂದ ಬರುವ ಸರಕು ಕೆಲವು ಲಕ್ಷ ಯೂರೋ ಮಟ್ಟದ್ದು, ದೇಶದ ಆಮದಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ಸೇವೆ ಅಂದರೆ ವಸಾಹತುಗಳಲ್ಲಿರುವ ಮನೆಗಳ ಆನ್‌ಲೈನ್ ಬುಕಿಂಗ್, ಸಾಫ್ಟ್‌ವೇರ್, ವಿಮೆ ಎಲ್ಲ. ದೊಡ್ಡ ಅಮೆರಿಕನ್ ಕಂಪನಿಗಳ ಯುರೋಪ್ ಕಚೇರಿಗಳು ಇರುವುದು ಡಬ್ಲಿನ್‌ನಲ್ಲಿ. ಅಮೆರಿಕದಲ್ಲಿ ಬಹಿಷ್ಕಾರ ವಿರೋಧಿ ಕಾನೂನುಗಳಿವೆ. ಇಲ್ಲಿನ ಕಾಯ್ದೆ ಪಾಲಿಸಿದರೆ ಅಲ್ಲಿ ಕೇಸು, ಅಲ್ಲಿನದು ಪಾಲಿಸಿದರೆ ಇಲ್ಲಿ ಅಪರಾಧ. ನಾನೂ ಅಂಥ ಒಂದು ಕಂಪನಿಯಲ್ಲೇ ಇರುವವನು, ಊಟದ ಹೊತ್ತಿನಲ್ಲಿ ಈ ಭಯ ಕೇಳಿದ್ದೇನೆ. ಆದರೂ ಸೇವೆ ಸೇರಬೇಕು ಅನ್ನುವ ಕಡೆಗೇ ನಾನು. ಸಂಸತ್ತಿನ ಸಮಿತಿಯೂ ಅದನ್ನೇ ಶಿಫಾರಸು ಮಾಡಿತು.

ಬರ್ಲಿನ್_ಬಸವನಗುಡಿ

ಐರ್ಲೆಂಡ್, ಸ್ಪೇನ್ ಮಾತು ಬಂತಲ್ಲ, ನನಗೆ ನಿಜವಾಗಿ ಬೇಸರ ತರುವುದು ಹೇಳುತ್ತೇನೆ. ಸ್ಪೇನ್ 2025ರ ಸೆಪ್ಟೆಂಬರ್ 23ಕ್ಕೆ ಸುಗ್ರೀವಾಜ್ಞೆ ತಂದು ವಸಾಹತಿನ ಸರಕು ನಿಷೇಧಿಸಿತು, ಸಂತೋಷ. ಅದೇ ಸ್ಪೇನ್ ಪಶ್ಚಿಮ ಸಹಾರಾದಲ್ಲಿ ಏನು ಮಾಡಿತು? 1975ರವರೆಗೆ ಅದು ಅವರದೇ ವಸಾಹತು. ಬಿಟ್ಟುಹೋದರು, ಮೊರೊಕ್ಕೊ ಒಳಗೆ ಬಂತು. 2022ರ ಮಾರ್ಚ್‌ನಲ್ಲಿ ಪ್ರಧಾನಿ ಸಾಂಚೆಜ್ ಆ ನೆಲವನ್ನು ತನ್ನ ಕೈಕೆಳಗೇ ಇಟ್ಟುಕೊಳ್ಳುವ ಮೊರೊಕ್ಕೊದ ಸ್ವಾಯತ್ತತೆ ಯೋಜನೆಗೆ ಬೆಂಬಲ ಕೊಟ್ಟರು.

ಪಶ್ಚಿಮ ಸಹಾರಾದ ಮೀನು, ಟೊಮೆಟೊಗೆ ಅನ್ವಯಿಸುವ ಒಕ್ಕೂಟ-ಮೊರೊಕ್ಕೊ ಒಪ್ಪಂದಗಳನ್ನು ಯುರೋಪ್ ನ್ಯಾಯಾಲಯ 2024ರ ಅಕ್ಟೋಬರ್ 4ಕ್ಕೆ ರದ್ದು ಮಾಡಿತು. ಅಲ್ಲಿನ ಮೂಲ ನಿವಾಸಿಗಳಾದ ಸಹ್ರಾವಿ ಜನರ ಒಪ್ಪಿಗೆ ಪಡೆದಿಲ್ಲ ಅನ್ನುವುದು ಕಾರಣ. ಸರಿಯಾಗಿ ಒಂದು ವರ್ಷಕ್ಕೆ ಒಕ್ಕೂಟ ಹೊಸ ಒಪ್ಪಂದ ಮಾಡಿಕೊಂಡು, ಮೊರೊಕ್ಕೊ ಆಡಳಿತದ ಪ್ರಾಂತ್ಯಗಳ ಹೆಸರನ್ನೇ ಮೂಲದ ಜಾಗದಲ್ಲಿ ಬರೆಸಿ, ಅದೇ ರಿಯಾಯಿತಿ ಮುಂದುವರಿಸಿತು. ಆಗ ಮ್ಯಾಡ್ರಿಡ್‌ನ ನೈತಿಕತೆ ಎಲ್ಲಿತ್ತು?

ಹೇಮಾವತಿ_ಹೊಳೆ

ಇದಕ್ಕೆ ನನ್ನಲ್ಲಿ ಪ್ರತಿವಾದ ಇಲ್ಲ, ಇರಲೂಬಾರದು. ಸಹ್ರಾವಿಗಳು ಅಲ್ಜೀರಿಯಾದ ಟಿಂಡೂಫ್ ಪಕ್ಕದ ಮರಳುಗಾಡಿನ ಶಿಬಿರಗಳಲ್ಲಿ ಐವತ್ತು ವರ್ಷದಿಂದ ಕೂತಿದ್ದಾರೆ, ಅವರ ಸಮುದ್ರದ ಮೀನು ಯುರೋಪಿನ ತಟ್ಟೆಗೆ ಬರುತ್ತಿದೆ. ಪಶ್ಚಿಮ ದಂಡೆಗೆ ನಾನು ಕೇಳುವುದನ್ನೇ ಅವರಿಗೂ ಕೇಳುತ್ತೇನೆ. ಅಲ್ಲಿ ತಪ್ಪಿದ್ದಾರೆ ಅಂತ ಇಲ್ಲಿಯೂ ತಪ್ಪಲಿ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ.

ಕಡಲಕರೆ

ವಸಾಹತು ಬೇರೆ, ಇಸ್ರೇಲ್ ಬೇರೆ ಅಂತ ಕಾನೂನು ಕಟ್ಟಿಯವರು ಹೇಳಿದರು, ಸರಿ. ಆದರೆ ಆಯೋಗ ಇಡೀ ಇಸ್ರೇಲ್‌ನ ರಿಯಾಯಿತಿಯನ್ನೇ ತೆಗೆಯಲಿಕ್ಕೆ ಹೊರಟದ್ದು ಅಲ್ವಾ? ಆಗ ಹೈಫಾಕ್ಕೂ ಬಿಸಿ ತಟ್ಟಲಿಕ್ಕಿಲ್ವಾ?

ಕಾನೂನು_ಕಟ್ಟಿ

ಖರೇ ಐತ್ರಿ, ಅದು ಬ್ಯಾರೆ ಪ್ರಸ್ತಾವ. 2025ರ ಸೆಪ್ಟೆಂಬರ್ 17ರದು. ಆದ್ರ ಅದು ಸಹ ವ್ಯಾಪಾರ ನಿಲ್ಲಿಸೋದಲ್ಲ, ಸುಂಕದ ರಿಯಾಯಿತಿ ಅಮಾನತು ಮಾಡೋದು ಅಷ್ಟ. ಇಸ್ರೇಲ್‌ನಿಂದ ಬರೋ ಸರಕಿನೊಳಗ ಶೇ. 37ಕ್ಕ ಅದು ತಟ್ಟತಿತ್ತು, ವರ್ಷಕ್ಕ ಸುಮಾರು 22.7 ಕೋಟಿ ಯೂರೋ ಸುಂಕ ಬೀಳತಿತ್ತು ಅಂತ ಆಯೋಗದ ಅಂದಾಜು. ಜೊತಿಗೆ ಸ್ಮೊಟ್ರಿಚ್, ಬೆನ್-ಗ್ವಿರ್ ಇಬ್ಬರು ಮಂತ್ರಿಗಳ ಮ್ಯಾಲೆ ನಿರ್ಬಂಧ ಹಾಕಬೇಕು ಅಂತನೂ ಇತ್ತು. ಅದಕ್ಕ 27 ದೇಶನೂ ಒಪ್ಪಬೇಕು, ಹಂಗೇರಿ ಒಂದ ಸಾಕು ತಡಿಯಾಕ.

ರಿಯಾಯಿತಿಗೆ ಸರ್ವಾನುಮತ ಬ್ಯಾಡ. 15 ದೇಶ, ಒಕ್ಕೂಟದ ಜನಸಂಖ್ಯಾದಾಗ ಶೇ. 65, ಎರಡೂ ಕೂಡಿದ್ರ ಪಾಸು. ತಡಿಯೋರಿಗೆ ಕನಿಷ್ಠ ನಾಕು ದೇಶ, ಶೇ. 35 ದಾಟಿದ ಜನಸಂಖ್ಯಾ ಬೇಕು. ಒಕ್ಕೂಟದ ಜನಸಂಖ್ಯಾ ಸುಮಾರು 45 ಕೋಟಿ, ಅದರ ಶೇ. 35 ಅಂದ್ರ ಹದಿನೈದೂಮುಕ್ಕಾಲು ಕೋಟಿ. ಜರ್ಮನಿ 8.3 ಕೋಟಿ, ಇಟಲಿ 5.9, ಝೆಕ್ ಒಂದು ಚಿಲ್ಲರೆ, ಹಂಗೇರಿ ಒಂದಕ್ಕ ಸ್ವಲ್ಪ ಕಡಿಮಿ. ಕೂಡಿಸ್ರಿ, ಹದಿನಾರು ದಾಟ್ತು. ಸ್ಪೇನ್ ಎಷ್ಟ ಕೂಗಿದ್ರೂ ಈ ನಾಕು ಕೂಡಿ ಕುಂತ್ರ ಮುಗೀತು. ಇಟಲಿ ಒಂದು ಮನಸ್ಸು ಬದಲಿಸಿದ್ರ ಈ ಲೆಕ್ಕ ಪೂರಾ ಬಿದ್ದುಹೋಗ್ತೈತಿ.

ಕಡಲಕರೆ

ಈಗ ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು. ಸುಂಕ ಏರುವುದಾದರೆ ಅದನ್ನು ಅಲ್ಲಿನ ಸರ್ಕಾರ ಯೋಚಿಸಲಿ, ನನ್ನ ಆಕ್ಷೇಪ ಇಲ್ಲ. ಪ್ಯಾಲೆಸ್ಟೀನಿನ ಕೆಲಸದವರ ಬಗ್ಗೆ ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಸಿಗಲಿಲ್ಲ.

ಹೇಮಾವತಿ_ಹೊಳೆ

ಕಡಲಕರೆ ಅವರೇ, ಆ ಐನೂರು ಮಂದಿಯ ನಷ್ಟ ನಿಜ, ಅದಕ್ಕೆ ಪರಿಹಾರ ನಿಷೇಧ ಹಾಕುವ ದೇಶಗಳ ಹೊಣೆಯೂ ಹೌದು ಅಂತ ನನ್ನ ನಂಬಿಕೆ. ಆದರೆ ಪಶ್ಚಿಮ ದಂಡೆಯ ಸುಮಾರು ಶೇ. 60ರಷ್ಟು ನೆಲ, ‘ಸಿ’ ವಲಯ, ಪೂರ್ತಿ ಇಸ್ರೇಲ್ ಹಿಡಿತದಲ್ಲಿದೆ. ಅಲ್ಲಿ ಪ್ಯಾಲೆಸ್ಟೀನಿ ರೈತ ಬಾವಿ ತೋಡಬೇಕಾದರೂ, ಶೆಡ್ ಹಾಕಬೇಕಾದರೂ ಸೇನೆಯ ಪರವಾನಗಿ ಬೇಕು, ಅದು ಸಿಗುವುದು ತೀರಾ ಅಪರೂಪ. ಪಕ್ಕದ ವಸಾಹತಿನ ಖರ್ಜೂರದ ತೋಟಕ್ಕೆ ನೀರು ಬೇಕಾದಷ್ಟು. ತನ್ನ ನೆಲದಲ್ಲಿ ಬೇಸಾಯ ಮಾಡಲಾಗದವನು ಅದೇ ನೆಲದಲ್ಲಿ ಬೇರೆಯವರ ತೋಟಕ್ಕೆ ಕೂಲಿ ಹೋಗುತ್ತಾನೆ. 2023ರ ಅಕ್ಟೋಬರ್ ನಂತರ ಇಸ್ರೇಲ್ ಒಳಗೆ ದುಡಿಯುತ್ತಿದ್ದ ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರ ಪರವಾನಗಿಯನ್ನು ಇಸ್ರೇಲ್ ತಾನೇ ತಡೆಹಿಡಿಯಿತು, ಅವರ ಜಾಗಕ್ಕೆ ಕಟ್ಟಡ ಕೆಲಸಕ್ಕೆ ನಮ್ಮ ಉತ್ತರ ಪ್ರದೇಶ, ಹರಿಯಾಣದ ಹುಡುಗರು ಹೋದರು. ಕೂಲಿಯವರ ಹೊಟ್ಟೆಗೆ ದೊಡ್ಡ ಪೆಟ್ಟು ಬಿದ್ದದ್ದು ಅಲ್ಲಿ.

ನಮ್ಮ ದೇಶದ ಮಾತೂ ಹೇಳಿಬಿಡುತ್ತೇನೆ. ಜನಾಂಗ ತಾರತಮ್ಯ ಮಾಡುತ್ತಿದ್ದ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿದ ಮೊದಲ ದೇಶ ಭಾರತ, 1946ರಲ್ಲಿ, ಸ್ವಾತಂತ್ರ್ಯಕ್ಕೂ ಮುಂಚೆ. ಆಗಲೂ ಒಂದು ದೇಶದಿಂದ ಏನಾಗುತ್ತೆ ಅಂತ ಕೇಳಿದವರಿರಬೇಕು. 2025ರ ಸೆಪ್ಟೆಂಬರ್ 8ಕ್ಕೆ ಅದೇ ಭಾರತ ದೆಹಲಿಯಲ್ಲಿ ಹೂಡಿಕೆ ಒಪ್ಪಂದಕ್ಕೆ ಸಹಿ ಹಾಕಿದ್ದು ಸ್ಮೊಟ್ರಿಚ್ ಜೊತೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಆಗಲೇ ಅವರ ಮೇಲೆ ನಿರ್ಬಂಧ ಹಾಕಿದ್ದವು. ಓದಿದಾಗ ನನಗೆ ತುಂಬ ನೋವಾಯಿತು.

ಬರ್ಲಿನ್_ಬಸವನಗುಡಿ

1946ರ ಹೋಲಿಕೆಗೆ ಒಂದು ಅಡ್ಡಮಾತು. ಉತ್ತರ ಸೈಪ್ರಸ್ ನೋಡಿ. ತುರ್ಕಿ ಸೇನೆಯ ಹಿಡಿತದಲ್ಲಿರುವ ಆ ಭಾಗದ ಅಧಿಕಾರಿಗಳ ಪ್ರಮಾಣಪತ್ರ ಹಿಡಿದು ಕಿತ್ತಳೆ ಜಾತಿಯ ಹಣ್ಣು, ಆಲೂಗಡ್ಡೆ ಬ್ರಿಟನ್‌ಗೆ ಬರುತ್ತಿತ್ತು. 1994ರ ಜುಲೈನಲ್ಲಿ ಯುರೋಪ್ ನ್ಯಾಯಾಲಯ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ದಾಟಿತು, ದ್ವೀಪ ಇಂದಿಗೂ ಒಡೆದೇ ಇದೆ, ಸೇನೆ ಅಲ್ಲೇ ಇದೆ. ಸರಕು ತಡೆದರೆ ಆಕ್ರಮಣ ಬಿಟ್ಟುಹೋಗುತ್ತದೆ ಅನ್ನುವುದಕ್ಕೆ ಇತಿಹಾಸ ಸಾಕ್ಷಿ ಹೇಳುವುದಿಲ್ಲ.

ಕಾನೂನು_ಕಟ್ಟಿ

ಬಸವನಗುಡಿ ಸರ್, ಕಳವಿನ ಮಾಲು ಕೊಳ್ಳಬಾರದು ಅನ್ನೋ ಕಾನೂನು ಕಳ್ಳನ್ನ ಸುಧಾರಿಸಾಕ ಇರೂದಿಲ್ರಿ. ಕೊಂಡಾವನೂ ಪಾಲುದಾರ ಆಗಬಾರದು ಅಂತ ಐತಿ. ಹೇಗ್‌ನವರು ಹೇಳಿದ್ದೂ ಅದನ್ನ: ನೆರವು ಕೊಡಬ್ಯಾಡ್ರಿ ಅಂತ.

ಹೇಮಾವತಿ_ಹೊಳೆ

ಮಿಡಿಸೌತೆ ಸರ್, ನಿಮ್ಮ ತೂಬಿನ ಮಾತು ತಲೆಯಲ್ಲೇ ಕೂತಿದೆ. ಬೆಲ್ಜಿಯಂ 2025ರ ಸೆಪ್ಟೆಂಬರ್ 2ಕ್ಕೆ ವಸಾಹತಿನ ಸರಕು ನಿಷೇಧಿಸುತ್ತೇವೆ ಅಂತ ಘೋಷಿಸಿತು. ನಮ್ಮ ಡಚ್ ಸರ್ಕಾರವೂ ವೆಲ್ಡ್‌ಕಾಂಪ್ ಹೋದ ಕೆಲವೇ ವಾರಗಳಲ್ಲಿ ಅಂಥದ್ದೇ ನಿಷೇಧಕ್ಕೆ ತಯಾರಿ ಅಂದಿತು. ಒಕ್ಕೂಟದ ಅತಿ ದೊಡ್ಡ ಎರಡು ಬಂದರು ರಾಟರ್‌ಡ್ಯಾಮ್, ಆಂಟ್‌ವರ್ಪ್ ಇವೆರಡರ ಕೈಯಲ್ಲಿವೆ. ಸ್ಲೊವೇನಿಯಾದ ಕೋಪರ್, ಸ್ಪೇನ್‌ನ ವೆಲೆನ್ಸಿಯಾ ಸೇರಿಸಿದರೆ? ಹ್ಯಾಂಬರ್ಗ್, ಮಾರ್ಸೇಯ್ ತೆರೆದಿರುತ್ತವೆ, ಗೊತ್ತು. ಆದರೂ ಬ್ರಸೆಲ್ಸ್‌ನಲ್ಲಿ ಜರ್ಮನಿ ಒಪ್ಪುವವರೆಗೆ ಕಾಯದೆ ಬಂದರುಗಳ ಕಡೆಯಿಂದ ಸುತ್ತುಗಟ್ಟಲು ಆಗುವುದಿಲ್ಲವೇ?

ಮಿಡಿಸೌತೆ_ಡಾಕ್ಯುಮೆಂಟ್ಸ್

ಮೇಡಂ, ಅರ್ಧ ಆಗುತ್ತೆ. ಹಡಗಿಂದ ಇಳಿಯೋದು ಒಂದು, ಕಸ್ಟಮ್ಸ್ ಬಿಡುಗಡೆ ಇನ್ನೊಂದು. ರಾಟರ್‌ಡ್ಯಾಮ್‌ನಲ್ಲಿ ಇಳಿದ ಕಂಟೇನರ್‌ಗೆ ಸೀಲ್ ಹಾಕಿ, ಟಿ-1 ಅನ್ನೋ ಟ್ರಾನ್ಸಿಟ್ ಕಾಗದ ಮಾಡಿಸಿ, ಜರ್ಮನಿಗೆ ಕಳಿಸಿ ಅಲ್ಲಿ ಬಿಡುಗಡೆ ಮಾಡಿಸಬಹುದು. ನಮ್ಮ ಡ್ರಮ್ಮುಗಳೇ ಎಷ್ಟೋ ಸಲ ಹಾಗೆ ಹೋಗಿವೆ. ಕಾಯ್ದೆ ಬರೀ ‘ಆಮದು’ ನಿಷೇಧ ಅಂದ್ರೆ ಈ ಟ್ರಾನ್ಸಿಟ್ ಸರಕು ಅದರೊಳಗೆ ಬರೋದಿಲ್ಲ, ರಾಟರ್‌ಡ್ಯಾಮ್ ಬರೀ ಹಾದುಹೋಗೋ ಜಾಗ ಆಗುತ್ತೆ. ಆದರೂ ಲಾರಿ ಬಾಡಿಗೆ, ಟ್ರಾನ್ಸಿಟ್ ಗ್ಯಾರಂಟಿ, ಎರಡು ದಿನ ತಡ ಇವೆಲ್ಲ ಸೇರುತ್ತೆ. ಗಿಡಮೂಲಿಕೆ ಸೊಪ್ಪಿನಂಥ ಬೇಗ ಬಾಡೋ ಮಾಲಿಗೆ ಆ ಎರಡು ದಿನವೇ ದೊಡ್ಡದು, ಖರ್ಜೂರಕ್ಕೆ ಏನೂ ಅಲ್ಲ.

ಹಾಗಾಗಿ ಡಚ್ ಕರಡು, ಬೆಲ್ಜಿಯಂ ಕರಡು ನಿಮ್ಮ ಕೈಗೆ ಸಿಕ್ಕಾಗ ಮೊದಲು ಎರಡು ಕಡೆ ಓದಿ: ಟ್ರಾನ್ಸಿಟ್ ಸೇರಿಸಿದ್ದಾರಾ, ಸುಂಕ ಕಟ್ಟಿ ತರೋನಿಗೂ ಪಿನ್‌ಕೋಡ್ ಕಡ್ಡಾಯ ಮಾಡಿದ್ದಾರಾ. ಡಚ್ ಭಾಷೆಯಲ್ಲಿದ್ದರೂ ಪರವಾಗಿಲ್ಲ, ಆ ಭಾಗದ ಫೋಟೋ ಇಲ್ಲಿ ಹಾಕಿ, ನಾನು ನೋಡಿ ಹೇಳ್ತೀನಿ.